ಗೆದ್ದ ರಾಷ್ಟ್ರಪತಿಯನ್ನು ಮೈಸೂರು ಒಲ್ಲೆನೆಂದದ್ದು

ಚುನಾವಣೆಯಲ್ಲಿ ಗೆದ್ದವನಿಗೆ ಮತ ಹಾಕಿದವರನ್ನು ಯಾರೂ ಕಾರಣ ಕೇಳುವುದಿಲ್ಲ. ಗೆಲುವೇ ಅವರ ಪರವಾಗಿ ಮಾತಾಡಿಬಿಡುತ್ತದೆ. ಕಾರಣ ಹೇಳಬೇಕಾಗಿ ಬರುವುದು ಗೆದ್ದವನನ್ನು ಒಲ್ಲೆವೆಂದವರಿಗೆ. ನಮ್ಮ ನಾಡಿನ ಇತಿಹಾಸದಲ್ಲಿ ಹೀಗೆ ಕಾರಣ ಹೇಳಬೇಕಾಗಿ ಬಂದ ಒಂದು ಗುಂಪಿದೆ. 1969ರ ಆಗಸ್ಟ್ 16ರಂದು ರಾಷ್ಟ್ರಪತಿ ಚುನಾವಣೆಗೆ ಮತ ಹಾಕಿದ ಮೈಸೂರು ರಾಜ್ಯದ ಶಾಸಕರು. ದೇಶ ವಿ.ವಿ. ಗಿರಿಯವರನ್ನು ಆರಿಸಿತು. ಮೈಸೂರಿನ ಶಾಸಕರ ಬಹುಪಾಲು ಮತ ಸೋತ ನೀಲಂ ಸಂಜೀವ ರೆಡ್ಡಿಯವರಿಗೆ ಬಿತ್ತು. ಇವರನ್ನು 'ಸಿಂಡಿಕೇಟ್‌ನ ಬಾಲಬಡುಕರು' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಆಮೇಲೆ ರೂಢಿಯಾಯಿತು. ಅವರು ಕೊಟ್ಟ ಕಾರಣಗಳನ್ನು ಮಾತ್ರ ಯಾರೂ ಕೂತು ಕೇಳಿದಂತಿಲ್ಲ. ಆ ಕಾರಣಗಳಿಗೆ ಮಂಡ್ಯ, ಮದ್ದೂರು, ಮಳವಳ್ಳಿಯಂಥ ಊರುಗಳ ಜನ ಎರಡು ಮೂರು ವರ್ಷಗಳಲ್ಲಿ ಕೊಟ್ಟ ಉತ್ತರವನ್ನೂ ಅವುಗಳ ಪಕ್ಕದಲ್ಲಿಟ್ಟು ನೋಡಿದವರು ಕಡಿಮೆ.

ಮೊದಲು ಲೆಕ್ಕ. ರಾಷ್ಟ್ರಪತಿಯನ್ನು ನಾವು ನೇರವಾಗಿ ಆರಿಸುವುದಿಲ್ಲ. ಸಂಸದರು ಮತ್ತು ಶಾಸಕರು ಆರಿಸುತ್ತಾರೆ. ಶಾಸಕನ ಒಂದು ಮತಕ್ಕೆ ಬೆಲೆ ಕಟ್ಟುವುದು ಜನಸಂಖ್ಯೆಯಿಂದ. 1961ರ ಗಣತಿಯಂತೆ ಮೈಸೂರು ರಾಜ್ಯದ ಜನಸಂಖ್ಯೆ 2,35,86,772. ಅದನ್ನು 216 ಶಾಸಕರಿಗೆ ಹಂಚಿ, ಸಾವಿರದಿಂದ ಭಾಗಿಸಿದರೆ 109 ಬರುತ್ತದೆ. ಅಂದರೆ ಒಬ್ಬೊಬ್ಬ ಶಾಸಕನ ಕೈಯಲ್ಲಿ 109 ಮತ, ಆ ಮತದ ಹಿಂದೆ ಒಂದು ಲಕ್ಷ ಒಂಬತ್ತು ಸಾವಿರ ತಲೆ. ಮದ್ದೂರಿನ ಸಂತೆಗೆ ಬಂದ ರೈತ, ಮಳವಳ್ಳಿಯ ರೇಷ್ಮೆ ಸಾಕುವ ಹೆಂಗಸು, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತ ಗಾಡಿಯವನು, ತೊಟ್ಟಿಲ ಕೂಸು, ಎಲ್ಲರೂ ಈ ಲೆಕ್ಕದಲ್ಲಿ ಸೇರಿದ್ದರು. ಸಂಸದನ ಮತದ ಬೆಲೆ 576. ಮಂಡ್ಯದ ಒಬ್ಬ ಲೋಕಸಭಾ ಸದಸ್ಯ ಐದು ಶಾಸಕರಿಗಿಂತ ಹೆಚ್ಚು ತೂಗುತ್ತಿದ್ದ. ಈಗ ಕರ್ನಾಟಕದ ಶಾಸಕನ ಮತದ ಬೆಲೆ 131. ಅದೂ 1971ರ ಗಣತಿಯದೇ. ತಲೆ ಲೆಕ್ಕಕ್ಕೆ ನಾವು ಬೇಕು, ಅಭಿಪ್ರಾಯಕ್ಕೆ ಬೇಡ ಎಂಬ ಈ ಏರ್ಪಾಡಿನ ಬಗ್ಗೆ ದೂರಿ ಪ್ರಯೋಜನವಿಲ್ಲ, ಸಂವಿಧಾನ ಮಾಡಿದವರು ಯೋಚಿಸಿಯೇ ಹೀಗೆ ಮಾಡಿದ್ದರು. ಆದರೆ 1969ರ ಕಥೆ ಓದುವಾಗ ಆ 109ರ ಹಿಂದಿನ ತಲೆಗಳನ್ನು ಮರೆಯಬಾರದು.

ಚುನಾವಣೆ ಬಂದದ್ದು ಅನಿರೀಕ್ಷಿತವಾಗಿ. 1969ರ ಮೇ 3ರಂದು ರಾಷ್ಟ್ರಪತಿ ಡಾ. ಜಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಆ ಪದವಿಗೆ ಬಂದ ಮೊದಲ ಮುಸ್ಲಿಂ ಅವರು. ಜಾಮಿಯಾ ಮಿಲ್ಲಿಯಾದ ಆವರಣದಲ್ಲಿ ಅವರನ್ನು ಮಣ್ಣು ಮಾಡಲಾಯಿತು. ಉಪರಾಷ್ಟ್ರಪತಿಯಾಗಿದ್ದ ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಮುಂದಿನವರು ಯಾರು ಎಂಬ ಪ್ರಶ್ನೆ ತೀರ್ಮಾನಕ್ಕೆ ಬಂದದ್ದು ನಮ್ಮ ಬೆಂಗಳೂರಿನಲ್ಲಿ. ಜುಲೈ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಅಧಿವೇಶನ ನಡೆಯಿತು. ಆಗ ಕಾಂಗ್ರೆಸ್ ಅಧ್ಯಕ್ಷರು ಎಸ್. ನಿಜಲಿಂಗಪ್ಪ, ವರ್ಷದ ಹಿಂದಿನವರೆಗೂ ಮೈಸೂರಿನ ಮುಖ್ಯಮಂತ್ರಿಯಾಗಿದ್ದವರು. ಅವರ ಜಾಗಕ್ಕೆ ಬಂದಿದ್ದ ವೀರೇಂದ್ರ ಪಾಟೀಲರು ಅವರದೇ ಗರಡಿಯವರು. ಜುಲೈ 12ರಂದು ಪಕ್ಷದ ಸಂಸದೀಯ ಮಂಡಳಿ ಬಹುಮತದಿಂದ ಸಂಜೀವ ರೆಡ್ಡಿಯವರನ್ನು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿ ಜಗಜೀವನ್ ರಾಂ ಅವರ ಹೆಸರು ಹೇಳಿದ್ದರು. ಫಕ್ರುದ್ದೀನ್ ಅಲಿ ಅಹ್ಮದ್ ಅವರ ಜೊತೆಗಿದ್ದರು. ಇಬ್ಬರ ಮಾತೂ ನಡೆಯಲಿಲ್ಲ.

ಆಮೇಲಿನ ಹತ್ತು ದಿನ ಬಿರುಗಾಳಿಯಂತೆ ಕಳೆಯಿತು. ಜುಲೈ 13ರಂದು ಗಿರಿ ತಾವು ಸ್ವತಂತ್ರವಾಗಿ ನಿಲ್ಲುವುದಾಗಿ ಘೋಷಿಸಿದರು. 16ರಂದು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಕಿತ್ತುಕೊಳ್ಳಲಾಯಿತು. 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಬಂತು. ನಮ್ಮ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳೂ ಅದರಲ್ಲಿ ಸೇರಿದ್ದವು. ಅದಕ್ಕೆ ಸಹಿ ಹಾಕಿದವರು ಹಂಗಾಮಿ ರಾಷ್ಟ್ರಪತಿ ಗಿರಿ. ಮರುದಿನವೇ ಅವರು ರಾಜೀನಾಮೆ ಕೊಟ್ಟು ಕಣಕ್ಕಿಳಿದರು. ರಾಷ್ಟ್ರಪತಿಯೂ ಇಲ್ಲ, ಉಪರಾಷ್ಟ್ರಪತಿಯೂ ಇಲ್ಲ ಎಂಬಂತಾಗಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಸುಮಾರು ಐದು ವಾರ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಮತದಾನ ನಡೆದದ್ದು ಅವರ ಕಾಲದಲ್ಲಿ.

ಮೈಸೂರಿನ ಶಾಸಕರಿಗೆ ಗಿರಿ ಹೊಸಬರಲ್ಲ. 1965ರಿಂದ 1967ರ ಮೇ ತಿಂಗಳವರೆಗೆ ಅವರು ಇದೇ ರಾಜ್ಯದ ರಾಜ್ಯಪಾಲರು. ಕಾರ್ಮಿಕ ಸಂಘಟನೆಯಿಂದ ಬಂದ ಮನುಷ್ಯ. ನೆಹರೂ ಸಂಪುಟದಲ್ಲಿ ಕಾರ್ಮಿಕ ಸಚಿವರಾಗಿದ್ದಾಗ ಬ್ಯಾಂಕ್ ನೌಕರರ ವೇತನ ತೀರ್ಪನ್ನು ಸರ್ಕಾರ ತಿದ್ದಿತೆಂದು 1954ರಲ್ಲಿ ಕುರ್ಚಿ ಬಿಟ್ಟವರು. ಸಂಜೀವ ರೆಡ್ಡಿಯವರೂ ದೂರದವರಲ್ಲ. ಗಡಿಯಾಚೆಯ ಅನಂತಪುರ ಜಿಲ್ಲೆಯವರು, ಎರಡು ಸಲ ಆಂಧ್ರದ ಮುಖ್ಯಮಂತ್ರಿ, ಒಂದು ಸಲ ಕಾಂಗ್ರೆಸ್ ಅಧ್ಯಕ್ಷ, ಆಗ ಲೋಕಸಭೆಯ ಸ್ಪೀಕರ್. ಗುಣದ ತಕ್ಕಡಿಯಲ್ಲಿ ಇಬ್ಬರೂ ಹೆಚ್ಚು ಕಡಿಮೆ ಸಮ. ಆದ್ದರಿಂದ ಗಿರಿಯವರನ್ನು ಒಲ್ಲೆವೆಂದ ಕಾರಣ ಗಿರಿಯವರಲ್ಲಿ ಇರಲಿಲ್ಲ. ಅದು ಬೇರೆಡೆ ಇತ್ತು.

ಸಂಘಟನೆಯ ಕಡೆಯವರು ಬಾಯಿಬಿಟ್ಟು ಹೇಳಿದ ಕಾರಣ ಶಿಸ್ತು. ಪಕ್ಷ ಕ್ರಮಬದ್ಧವಾಗಿ ಸಭೆ ಸೇರಿ, ಚರ್ಚಿಸಿ, ಬಹುಮತದಿಂದ ಒಬ್ಬರನ್ನು ಆರಿಸಿದೆ. ಇಂದಿರಾ ಗಾಂಧಿಯವರೇ ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದಾರೆ. ಸಹಿ ಹಾಕಿದ ಕೈಯೇ ಈಗ 'ಆತ್ಮಸಾಕ್ಷಿಯಂತೆ ಮತ ಹಾಕಿ' ಎಂದು ಕರೆ ಕೊಟ್ಟರೆ, ಪಕ್ಷ ಎಂಬುದಕ್ಕೆ ಅರ್ಥವೇನು? ಈ ಪ್ರಶ್ನೆ ಪೊಳ್ಳಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ವಿಪ್‌ಗೆ ಕಾನೂನಿನ ಬಲವಿಲ್ಲ, ಮತದಾನ ಗುಪ್ತ. ಇಂದಿರಾ ಅವರು ವಿಪ್ ಕೊಡಲು ಒಪ್ಪದಿದ್ದದ್ದು ನಿಯಮದ ಪ್ರಕಾರ ಸರಿಯೇ. ಆದರೆ ಗುಪ್ತ ಮತದಾನದ ಪರದೆಯ ಹಿಂದೆ ಮೂಡುವ ಆತ್ಮಸಾಕ್ಷಿ ಬೇರೆ ದಿನಗಳಲ್ಲಿ ಎಲ್ಲಿರುತ್ತದೆ ಎಂದು ಕೇಳಿದರೆ ಇಂದಿರಾ ಬಣದವರಲ್ಲಿ ಎಷ್ಟು ಜನ ಉತ್ತರ ಕೊಡುತ್ತಿದ್ದರೋ!

ಎರಡನೆಯ ಕಾರಣವನ್ನು ನಿಜಲಿಂಗಪ್ಪನವರು ಅದೇ ವರ್ಷ ಇಂದಿರಾ ಅವರಿಗೆ ಬರೆದ ಬಹಿರಂಗ ಪತ್ರದಲ್ಲಿ ಸ್ಪಷ್ಟವಾಗಿ ಹೇಳಿದರು. ಪ್ರಧಾನಿಗೆ ನಿಷ್ಠೆ ತೋರಿಸುವುದೇ ಪಕ್ಷಕ್ಕೂ ದೇಶಕ್ಕೂ ತೋರಿಸುವ ನಿಷ್ಠೆ ಎಂಬಂತಾಗುತ್ತಿದೆ ಎಂಬುದು ಅವರ ಆಪಾದನೆ. ಅಂದರೆ ಗಿರಿಯವರನ್ನು ಒಲ್ಲೆನೆಂದದ್ದು, ಅವರ ಬೆನ್ನ ಹಿಂದೆ ಬೆಳೆಯುತ್ತಿದ್ದ ಒಬ್ಬರ ಅಧಿಕಾರವನ್ನು ಒಲ್ಲೆನೆಂದದ್ದು. ಇದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಆರು ವರ್ಷದೊಳಗೆ ತುರ್ತುಪರಿಸ್ಥಿತಿ ಬಂತು.

ಹೇಳದೆ ಉಳಿದ ಕಾರಣವೂ ಒಂದಿತ್ತು, ಅದನ್ನು ನಾವು ಹೇಳಬೇಕು. ಮೈಸೂರಿನ 216 ಶಾಸಕರಲ್ಲಿ 126 ಮಂದಿ 1967ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು. ಟಿಕೆಟ್ ಕೊಟ್ಟವರು ನಿಜಲಿಂಗಪ್ಪ, ಸರ್ಕಾರ ನಡೆಸುತ್ತಿದ್ದವರು ಅವರ ಶಿಷ್ಯ. ಮಂತ್ರಿಗಿರಿ, ನಿಗಮ, ವರ್ಗಾವಣೆ, ಸಹಕಾರ ಬ್ಯಾಂಕಿನ ಕುರ್ಚಿ ಎಲ್ಲವೂ ವಿಧಾನಸೌಧದಿಂದ ಇಳಿದು ಬರಬೇಕು. ಶಿಸ್ತು ಎಂಬ ಮಾತಿನೊಳಗೆ ಇಷ್ಟೆಲ್ಲ ಅಡಗಿತ್ತು. ದೊಡ್ಡ ತತ್ವದ ಕೆಳಗೆ ಸಣ್ಣ ಋಣ ಇರುವುದು ರಾಜಕಾರಣದಲ್ಲಿ ಅಪರೂಪವಲ್ಲ. ಆ ಋಣವಿದ್ದ ಮಾತ್ರಕ್ಕೆ ತತ್ವ ಸುಳ್ಳಾಗುವುದೂ ಇಲ್ಲ.

ಹೇಳುವ ಕಾರಣ, ಹೇಳದ ಕಾರಣದ ವಿಷಯ ಬಂದಾಗ ಬೇರೊಂದು ದೇಶದ ಚುನಾವಣೆ ನೆನಪಾಗುತ್ತದೆ. ಅದಕ್ಕೂ ಮದ್ದೂರಿಗೂ ಒಂದು ನಂಟಿದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1960ರಲ್ಲಿ ಅಮೆರಿಕದಲ್ಲಿ ಕಾನೂನು ಓದುತ್ತಿದ್ದರು. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ಜಾನ್ ಕೆನಡಿಯವರ ಪರವಾಗಿ ಅಲ್ಲಿನ ಭಾರತೀಯರ ನಡುವೆ ಪ್ರಚಾರ ಮಾಡಿದರು, ಗೆದ್ದ ಮೇಲೆ ಕೆನಡಿ ಅವರಿಗೆ ಕೃತಜ್ಞತೆಯ ಪತ್ರ ಬರೆದರು. ಕೆನಡಿ ಕ್ಯಾಥೊಲಿಕ್. ಪ್ರೊಟೆಸ್ಟಂಟರೇ ಬಹುಸಂಖ್ಯಾತರಾದ ಆ ದೇಶದಲ್ಲಿ ಅವರು ಗೆದ್ದದ್ದು ಕೇವಲ 1,12,000 ಚಿಲ್ಲರೆ ಮತಗಳ ಅಂತರದಿಂದ. ಗ್ಯಾಲಪ್ ಸಮೀಕ್ಷೆಯ ಪ್ರಕಾರ ನೂರಕ್ಕೆ 62 ಪ್ರೊಟೆಸ್ಟಂಟರು ಅವರನ್ನು ತಿರಸ್ಕರಿಸಿದ್ದರು. ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಮನೆಮನೆಗೆ ಹೋಗಿ ಕಾರಣ ಕೇಳಿದಾಗ ಅನೇಕರು ಮುಚ್ಚುಮರೆಯಿಲ್ಲದೆ ಹೇಳಿದರು: ಆತ ಪೋಪನ ಮತದವನು. ಮಾರ್ಟಿನ್ ಲೂಥರ್ ಕಿಂಗ್ ಅವರ ತಂದೆಯೇ ಮೊದಲು ಧರ್ಮದ ಕಾರಣಕ್ಕೆ ಕೆನಡಿಗೆ ಮತ ಹಾಕುವುದಿಲ್ಲವೆಂದಿದ್ದರು. ಮಗ ಜೈಲಿನಲ್ಲಿದ್ದಾಗ ಸೊಸೆಗೆ ಕೆನಡಿ ಫೋನ್ ಮಾಡಿ ಧೈರ್ಯ ಹೇಳಿದ ಮೇಲೆ ಮನಸ್ಸು ಬದಲಿಸಿದರು.

ನಮ್ಮಲ್ಲಿ ಹೀಗೆ ಬಾಯಿಬಿಟ್ಟು ಹೇಳುವವರು ಕಡಿಮೆ. 1967ರಲ್ಲಿ ಜಾಕಿರ್ ಹುಸೇನ್ ನಿಂತಾಗ ವಿರೋಧ ಪಕ್ಷಗಳು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ರಾಜೀನಾಮೆ ಕೊಟ್ಟು ಬಂದಿದ್ದ ಕೆ. ಸುಬ್ಬರಾವ್ ಅವರನ್ನು ನಿಲ್ಲಿಸಿದವು. ಸುಬ್ಬರಾವ್‌ಗೆ 3,63,971 ಮತ, ಜಾಕಿರ್ ಹುಸೇನರಿಗೆ 4,71,244. ಸುಬ್ಬರಾವ್‌ಗೆ ಮತ ಹಾಕಿದವರು ಕೊಟ್ಟ ಕಾರಣ ಕಾಂಗ್ರೆಸ್‌ನ ಏಕಸ್ವಾಮ್ಯ. ಅವರಲ್ಲಿ ಹೆಚ್ಚಿನವರ ಮಟ್ಟಿಗೆ ಅದು ನಿಜವೂ ಆಗಿತ್ತು. 2002ರಲ್ಲಿ ಎಡಪಕ್ಷಗಳು ಅಬ್ದುಲ್ ಕಲಾಂ ಅವರನ್ನು ಒಲ್ಲೆವೆಂದು ಕ್ಯಾಪ್ಟನ್ ಲಕ್ಷ್ಮೀ ಸೆಹಗಲ್ ಅವರನ್ನು ನಿಲ್ಲಿಸಿದಾಗಲೂ ಅದು ಕಲಾಂ ಅವರ ಧರ್ಮದ ಮಾತಾಗಿರಲಿಲ್ಲ. ಒಬ್ಬ ಮುಸ್ಲಿಂ ಅಭ್ಯರ್ಥಿಗೆ ಬೀಳದ ಪ್ರತಿಯೊಂದು ಮತವೂ ದ್ವೇಷದ ಮತ ಎಂದು ತಿಳಿಯುವುದು ನಮಗೆ ಒಳ್ಳೆಯದಲ್ಲ. ಬಿದ್ದ ಮತವೆಲ್ಲ ಪ್ರೀತಿಯದು ಎಂದು ತಿಳಿಯುವುದು ಇನ್ನೂ ಅಪಾಯ.

1969ಕ್ಕೆ ಮರಳೋಣ. ಕಣದಲ್ಲಿ ಹದಿನೈದು ಮಂದಿಯಿದ್ದರೂ ಲೆಕ್ಕಕ್ಕಿದ್ದವರು ಮೂವರು. ಗಿರಿ, ರೆಡ್ಡಿ, ಮತ್ತು ಸ್ವತಂತ್ರ ಪಕ್ಷ ಹಾಗೂ ಜನಸಂಘ ನಿಲ್ಲಿಸಿದ ಸಿ.ಡಿ. ದೇಶಮುಖ್. ರಾಷ್ಟ್ರಪತಿ ಚುನಾವಣೆಯಲ್ಲಿ ಮತದಾರ ಒಂದು, ಎರಡು, ಮೂರು ಎಂದು ಆದ್ಯತೆ ಬರೆಯಬಹುದು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೆಳಗಿನವರ ಎರಡನೆಯ ಆದ್ಯತೆಯ ಮತ ಎಣಿಸುತ್ತಾರೆ. ಇದನ್ನರಿತೇ ನಿಜಲಿಂಗಪ್ಪನವರು ಸ್ವತಂತ್ರ ಪಕ್ಷ ಮತ್ತು ಜನಸಂಘದ ನಾಯಕರನ್ನು ಭೇಟಿಯಾಗಿ, ನಿಮ್ಮವರ ಎರಡನೆಯ ಮತ ರೆಡ್ಡಿಗೆ ಬರಲಿ ಎಂದು ಕೇಳಿಕೊಂಡರು. ಅವರ ಇಡೀ ಲೆಕ್ಕಾಚಾರದಲ್ಲಿ ಬಹಳ ದುಬಾರಿಯಾದ ಹೆಜ್ಜೆ ಇದು. ಜಗಜೀವನ್ ರಾಂ, ಫಕ್ರುದ್ದೀನ್ ಅಲಿ ಅಹ್ಮದ್ ಇಬ್ಬರೂ ಪತ್ರ ಬರೆದು, ಕೋಮುವಾದಿ ಪಕ್ಷದೊಡನೆ ಏನು ಮಾತಾಯಿತು ಎಂದು ಅಧ್ಯಕ್ಷರನ್ನು ಕೇಳಿದರು. ಅಲ್ಲಿಯವರೆಗೆ ಶಿಸ್ತಿನ ಪ್ರಶ್ನೆಯಾಗಿದ್ದದ್ದು ಜಾತ್ಯತೀತತೆಯ ಪ್ರಶ್ನೆಯಾಗಿ ತಿರುಗಿಕೊಂಡಿತು. ಮುಸ್ಲಿಂ ಲೀಗ್, ಡಿಎಂಕೆ, ಅಕಾಲಿ ದಳ, ಕಮ್ಯುನಿಸ್ಟರು ಗಿರಿಯವರ ಕಡೆ ನಿಂತರು. ಮುಂದಿನ ತಿಂಗಳೇ, ಸೆಪ್ಟೆಂಬರಿನಲ್ಲಿ, ಅಹಮದಾಬಾದಿನ ಭೀಕರ ಗಲಭೆ ನಡೆಯಿತು. ಆಗ ಗುಜರಾತಿನಲ್ಲಿದ್ದದ್ದು ಸಂಘಟನೆಯ ಕಡೆಯವರ ಸರ್ಕಾರ. ಅದಾದ ಮೇಲೆ ನಿಜಲಿಂಗಪ್ಪನವರ ವಾದವನ್ನು ತಾಳ್ಮೆಯಿಂದ ಕೇಳಲು ಮುಸ್ಲಿಂ ಮನೆಗಳಲ್ಲಿ ಕಿವಿ ಉಳಿಯಲಿಲ್ಲ ಎಂದರೆ ಆಶ್ಚರ್ಯವೇನು?

ಆಗಸ್ಟ್ 20ರಂದು ಎಣಿಕೆ. ಮೊದಲ ಆದ್ಯತೆಯಲ್ಲಿ ಗಿರಿಗೆ 4,01,515, ರೆಡ್ಡಿಗೆ 3,13,548, ದೇಶಮುಖ್‌ಗೆ 1,12,769. ಗೆಲ್ಲಲು ಬೇಕಾದದ್ದು 4,18,169. ಎರಡನೆಯ ಆದ್ಯತೆಯ ಮತಗಳು ಸೇರಿದ ಮೇಲೆ ಗಿರಿ 4,20,077ಕ್ಕೆ ಮುಟ್ಟಿದರು. ರೆಡ್ಡಿ 4,05,427ರಲ್ಲಿ ನಿಂತರು. ನಾವು ಕೂಡಿ ಕಳೆದು ನೋಡಿದರೆ, ಎರಡನೆಯ ಆದ್ಯತೆಯಿಂದ ರೆಡ್ಡಿಗೆ 91,879 ಬಂದಿದೆ, ಗಿರಿಗೆ ಬರೀ 18,562. ಅಂದರೆ ನಿಜಲಿಂಗಪ್ಪನವರು ಕೇಳಿದ್ದು ಬಹುಮಟ್ಟಿಗೆ ಸಿಕ್ಕಿತು, ಆದರೂ ಸಾಲಲಿಲ್ಲ. ಗಿರಿ ಕಡೆಯ ಹದಿಮೂರು ಸಂಸದರು ಆ ಕಡೆಗೆ ವಾಲಿದ್ದರೆ ರೆಡ್ಡಿಯವರೇ ಮುಂದಿರುತ್ತಿದ್ದರು. ಹದಿನೇಳು ವಿಧಾನಸಭೆಗಳಲ್ಲಿ ಹನ್ನೊಂದರಲ್ಲಿ ಗಿರಿ ಮುಂದು. ಮೈಸೂರು ಆ ಹನ್ನೊಂದರಲ್ಲಿ ಇರಲಿಲ್ಲ.

ಗುಪ್ತ ಮತದಾನವಾದ್ದರಿಂದ ಒಬ್ಬೊಬ್ಬ ಶಾಸಕನ ಮತ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಆದರೂ ಈ ಚುನಾವಣೆಯ ಕೆಲವು ಮತದಾರರು ಕಟಕಟೆಯಲ್ಲಿ ನಿಂತು ಮಾತಾಡಬೇಕಾಯಿತು, ಅದು ಈ ಕಥೆಯ ವಿಚಿತ್ರ ಅಧ್ಯಾಯ. ರೆಡ್ಡಿಯವರ ವೈಯಕ್ತಿಕ ಚಾರಿತ್ರ್ಯದ ಮೇಲೆ ಕೆಸರೆರಚುವ, ಹೆಸರಿಲ್ಲದ ಒಂದು ಕರಪತ್ರ ಸಂಸದರಿಗೆ ಅಂಚೆಯಲ್ಲಿ ಬಂದಿತ್ತು, ಪಾರ್ಲಿಮೆಂಟಿನ ಸೆಂಟ್ರಲ್ ಹಾಲಿನಲ್ಲೂ ಹಂಚಲಾಗಿತ್ತು. ಇದು ಮತದಾರರ ಮೇಲೆ ಅಕ್ರಮ ಪ್ರಭಾವ, ಆದ್ದರಿಂದ ಗಿರಿಯವರ ಆಯ್ಕೆ ಅಸಿಂಧು ಎಂದು ಸುಪ್ರೀಂ ಕೋರ್ಟಿನಲ್ಲಿ ಅರ್ಜಿಗಳು ಬಿದ್ದವು. ಅರ್ಜಿದಾರರಲ್ಲಿ ಮೈಸೂರಿನ ರಾಜ್ಯಸಭಾ ಸದಸ್ಯ ಎನ್. ಶ್ರೀರಾಮ ರೆಡ್ಡಿ ಒಬ್ಬರು. ಹರಿಯಾಣದ ಸಂಸದ ಅಬ್ದುಲ್ ಗನಿ ದಾರ್ ಇನ್ನೊಬ್ಬರು. ಮುಸ್ಲಿಮರೆಲ್ಲ ಗಿರಿಯವರ ಹಿಂದಿದ್ದರು ಎಂದು ಸಾರಾಸಗಟಾಗಿ ಬರೆಯುವವರು ಈ ಹೆಸರನ್ನು ಮರೆಯುತ್ತಾರೆ. ನೂರಕ್ಕೂ ಹೆಚ್ಚು ಸಾಕ್ಷಿಗಳ ವಿಚಾರಣೆ ನಡೆಯಿತು. ದಾರ್ ಅವರ ಜೊತೆ ಇನ್ನೊಬ್ಬ ಸಂಸದ ಜಗತ್ ನಾರಾಯಣ್ ಆಡಿದ ಮಾತಿನ ಟೇಪ್ ರೆಕಾರ್ಡಿಂಗ್ ಹಾಜರಾಯಿತು. ಅದನ್ನು ಸಾಕ್ಷ್ಯವಾಗಿ ಪರಿಗಣಿಸಬಹುದೆಂದು ನ್ಯಾಯಾಲಯ ಹೇಳಿದ್ದು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಪಾಠ. ಅಧಿಕಾರದಲ್ಲಿದ್ದ ರಾಷ್ಟ್ರಪತಿ ಗಿರಿ ಸ್ವತಃ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. 1970ರಲ್ಲಿ ಅರ್ಜಿಗಳು ವಜಾ ಆದವು. ಕರಪತ್ರ ಹಂಚಿದ್ದು ನಿಜ, ಆದರೆ ಅದರಲ್ಲಿ ಗಿರಿಯವರ ಕೈವಾಡ ಸಾಬೀತಾಗಿಲ್ಲ ಎಂಬುದು ತೀರ್ಪಿನ ತಿರುಳು. ಆತ್ಮಸಾಕ್ಷಿಯ ಮತ ಎಂದು ಹೊಗಳಿಸಿಕೊಂಡ ಚುನಾವಣೆಯ ಅಡಿಯಲ್ಲಿ ಇಂಥ ಕೊಳಕು ಕಾಗದವೂ ಹರಿದಾಡಿತ್ತು ಎಂಬುದನ್ನು ಗಿರಿಯವರ ಅಭಿಮಾನಿಗಳು ಸಾಮಾನ್ಯವಾಗಿ ನೆನೆಯುವುದಿಲ್ಲ.

1969ರ ನವೆಂಬರಿನಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಉಚ್ಚಾಟಿಸಲಾಯಿತು, ಪಕ್ಷ ಒಡೆಯಿತು. ದೇಶದಲ್ಲಿ ಸಂಸ್ಥಾ ಕಾಂಗ್ರೆಸ್‌ನ ಸರ್ಕಾರ ಗಟ್ಟಿಯಾಗಿ ಉಳಿದದ್ದು ಎರಡೇ ರಾಜ್ಯಗಳಲ್ಲಿ: ಗುಜರಾತ್ ಮತ್ತು ಮೈಸೂರು. ಶಾಸಕರು ತಮ್ಮ ಕಾರಣಕ್ಕೆ ಬದ್ಧರಾಗಿ ನಿಂತರು. ಹುಣಸೂರಿನ ದೇವರಾಜ ಅರಸರಂಥ ಕೆಲವರು ಮಾತ್ರ ಆ ಕಡೆ ಹೋದರು.

ಹಾಗಾದರೆ ಆ 109ರ ಹಿಂದಿನ ತಲೆಗಳು ಏನೆಂದುಕೊಂಡವು? ಇಲ್ಲಿ ಮಂಡ್ಯ ಜಿಲ್ಲೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇದು ಕಾಂಗ್ರೆಸ್ಸಿನ ತವರು ನೆಲ. 1938ರ ಏಪ್ರಿಲಿನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿ, ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಏರಿಸಿದ ಜಾಗ. ಅಂಥ ಊರುಗಳಲ್ಲಿ ಕಾಂಗ್ರೆಸ್ ಅಂದರೆ ಬರೀ ಪಕ್ಷವಲ್ಲ, ಮನೆತನದ ಮರ್ಯಾದೆ. ಆದರೆ ಇದೇ ನೆಲಕ್ಕೆ ದೊಡ್ಡವರ ಮಾತಿಗೆ ತಲೆಯಾಡಿಸದ ಹಟವೂ ಇದೆ. 1962ರಲ್ಲಿ ಮದ್ದೂರಿನಲ್ಲಿ ಕಾಂಗ್ರೆಸ್‌ನಿಂದ ನಿಂತವರು ಜಿಲ್ಲೆಯ ಮುಂದಾಳು ಕೆ.ವಿ. ಶಂಕರಗೌಡ. ಅವರ ಪರವಾಗಿ ಪ್ರಧಾನಿ ನೆಹರೂ ಬಂದು ಪ್ರಚಾರ ಮಾಡಿದರು. ನೆಹರೂ ಮಾತು ದೇಶದಲ್ಲೆಲ್ಲ ಗೆದ್ದಿತು, ಮದ್ದೂರಿನಲ್ಲಿ ಸೋತಿತು. ಅಮೆರಿಕದಿಂದ ಬಂದಿದ್ದ, ಮೂವತ್ತರ ಆಸುಪಾಸಿನ ಸ್ವತಂತ್ರ ಅಭ್ಯರ್ಥಿ ಎಸ್.ಎಂ. ಕೃಷ್ಣ ಶಾಸಕರಾದರು. 1967ರಲ್ಲಿ ಅದೇ ಮದ್ದೂರು ಕೃಷ್ಣ ಅವರನ್ನು ಸೋಲಿಸಿತು. 1968ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಉಪಚುನಾವಣೆ ಬಂದಾಗ ಪ್ರಜಾ ಸಮಾಜವಾದಿ ಪಕ್ಷದಿಂದ ನಿಂತ ಕೃಷ್ಣ ಗೆದ್ದು ದಿಲ್ಲಿಗೆ ಹೋದರು. 1952ರಿಂದ ಎಂ.ಕೆ. ಶಿವನಂಜಪ್ಪನವರ ಮೂಲಕ ಕಾಂಗ್ರೆಸ್ ಕೈಯಲ್ಲಿದ್ದ ಕ್ಷೇತ್ರ ಅದು. ರಾಜ್ಯದಲ್ಲಿ ನಿಜಲಿಂಗಪ್ಪನವರ ಬಳಗದ ಹಿಡಿತ ಬಿಗಿಯಾಗಿರುವಾಗಲೇ ಮಂಡ್ಯದ ಮತದಾರ ಹೀಗೆ ಕೈ ಕೊಸರಿಕೊಂಡಿದ್ದ. ವಿಧಾನಸೌಧದಲ್ಲಿದ್ದವರು ಇದನ್ನು ಸೂಚನೆಯೆಂದು ಓದಿದ್ದರೆ ಒಳ್ಳೆಯದಿತ್ತು, ಓದಲಿಲ್ಲ.

1971ರ ಮಾರ್ಚಿನಲ್ಲಿ ಲೋಕಸಭೆಗೆ ಚುನಾವಣೆ. ಮೈಸೂರಿನ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಕಾಂಗ್ರೆಸ್ ಗೆದ್ದಿತು. ನಿಜಲಿಂಗಪ್ಪನವರ ಸ್ವಂತ ರಾಜ್ಯದಲ್ಲಿ ಅವರ ಪಕ್ಷಕ್ಕೆ ಒಂದೂ ಇಲ್ಲ. ಮಂಡ್ಯದಿಂದ ಗೆದ್ದವರು, ಆ ಹೊತ್ತಿಗೆ ಇಂದಿರಾ ಕಡೆ ಬಂದಿದ್ದ ಅದೇ ಕೃಷ್ಣ. ವೀರೇಂದ್ರ ಪಾಟೀಲರ ಸರ್ಕಾರ ಆ ತಿಂಗಳೇ ಉರುಳಿತು. ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ. ಆ ಅವಧಿಯಲ್ಲಿ ರಾಜ್ಯ ನಡೆದದ್ದು ರಾಷ್ಟ್ರಪತಿ ಗಿರಿಯವರ ಹೆಸರಿನಲ್ಲಿ! ಇಲ್ಲಿನ ಶಾಸಕರು ಒಲ್ಲೆನೆಂದ ಮನುಷ್ಯನ ಹೆಸರಿನಲ್ಲೇ ಇಲ್ಲಿನ ಆಡಳಿತದ ಆಜ್ಞೆಗಳು ಹೊರಟವು. 1972ರ ವಿಧಾನಸಭಾ ಚುನಾವಣೆಯಲ್ಲಿ 216ರಲ್ಲಿ 165 ಸ್ಥಾನ ಇಂದಿರಾ ಕಾಂಗ್ರೆಸ್ಸಿಗೆ. ದೇವರಾಜ ಅರಸು ಮುಖ್ಯಮಂತ್ರಿ. ಕೃಷ್ಣ ಲೋಕಸಭೆ ಬಿಟ್ಟು ಅವರ ಸಂಪುಟ ಸೇರಿದರು.

ಜನ ಯಾಕೆ ಹೀಗೆ ಮಾಡಿದರು? ಅವರಿಗೆ ಶಿಸ್ತಿನ ವಾದ ಅರ್ಥವಾಗಲಿಲ್ಲ ಎನ್ನುವುದು ಸುಲಭದ ಉತ್ತರ, ನಮಗೆ ಒಪ್ಪಿಗೆಯಿಲ್ಲ. ಅರ್ಥವಾಯಿತು, ಆದರೆ ಅದು ತಮ್ಮ ಜಗಳವಲ್ಲ ಎನ್ನಿಸಿತು. ಗಾಜಿನ ಮನೆಯೊಳಗಿನ ಬಹುಮತ ಯಾರ ಪರವಿತ್ತು ಎಂಬುದಕ್ಕಿಂತ ಬ್ಯಾಂಕು ಯಾರ ಪಾಲಿಗೆ ಬಾಗಿಲು ತೆರೆಯುತ್ತದೆ ಎಂಬುದು ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಎರಡು ಎಕರೆ ಇರುವವನಿಗೆ ದೊಡ್ಡ ಪ್ರಶ್ನೆ. ಗದ್ದೆಗೆ ನೀರು ಬಂದಿದೆ, ಗೊಬ್ಬರಕ್ಕೆ ದುಡ್ಡಿಲ್ಲ, ಸಾಲ ಕೊಡುವವನು ಊರಿನ ಸಾಹುಕಾರ. ರಾಷ್ಟ್ರೀಕರಣ ಈ ಸ್ಥಿತಿಯನ್ನು ರಾತ್ರೋರಾತ್ರಿ ಬದಲಿಸಲಿಲ್ಲ; ಬದಲಾದೀತು ಎಂಬ ಆಸೆ ಹುಟ್ಟಿಸಿತು. ಇನ್ನೂ ಗಮನಿಸಬೇಕಾದದ್ದು ರಾಜಧನದ ವಿಷಯ. ಕನ್ನಂಬಾಡಿ ಕಟ್ಟಿಸಿದ ನಾಲ್ವಡಿ ಕೃಷ್ಣರಾಜ ಒಡೆಯರ ಮೇಲೆ ದೇವರಷ್ಟು ಭಕ್ತಿಯಿರುವ ಜಿಲ್ಲೆ ಇದು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದೂ ಅವರ ಕಾಲದಲ್ಲೇ. ಅಂಥ ಜಿಲ್ಲೆಯೂ ಅರಸರ ರಾಜಧನ ರದ್ದು ಮಾಡುತ್ತೇವೆಂದವರಿಗೇ ಮತ ಕೊಟ್ಟಿತು. ಹಳೆಯ ಮಹಾರಾಜರ ಮೇಲಿನ ಗೌರವ, ಹೊಸ ಕಾಲದ ಲೆಕ್ಕ, ಎರಡನ್ನೂ ಜನ ಬೇರೆ ಬೇರೆ ಗಂಟಿನಲ್ಲಿ ಕಟ್ಟಿಡಬಲ್ಲರು.

1969ರ ಶಾಸಕರ ಕಾರಣಗಳಲ್ಲಿ ನಮಗೆ ಕಾಣುವ ಕೊರತೆ ಇಲ್ಲಿದೆ. ಅವರು ಕೊಟ್ಟ ಕಾರಣಗಳೆಲ್ಲ ಪಕ್ಷಕ್ಕೆ ಕೊಟ್ಟ ಕಾರಣಗಳು. ನಿಜಲಿಂಗಪ್ಪನವರ ಪತ್ರ ಇಂದಿರಾ ಅವರಿಗೆ, ಶ್ರೀರಾಮ ರೆಡ್ಡಿಯವರ ಅರ್ಜಿ ನ್ಯಾಯಾಲಯಕ್ಕೆ. ಮಳವಳ್ಳಿಯ ಕಟ್ಟೆಯ ಮೇಲೆ ಕೂತವನಿಗೆ, ಒಬ್ಬರ ಕೈಗೆ ಅಧಿಕಾರವೆಲ್ಲ ಹೋದರೆ ನಿನಗೇನು ನಷ್ಟ ಎಂದು ಬಿಡಿಸಿ ಹೇಳುವ ಭಾಷೆ ಆ ಬಣದಲ್ಲಿ ಬೆಳೆಯಲಿಲ್ಲ. ಅಧಿಕಾರದ ಕೇಂದ್ರೀಕರಣದ ವಿರುದ್ಧ ಮಾತಾಡುತ್ತಿದ್ದವರ ಕೈಯಲ್ಲೇ ರಾಜ್ಯದ ಅಧಿಕಾರವೆಲ್ಲ ಕೇಂದ್ರೀಕೃತವಾಗಿದ್ದಾಗ ಹೇಗೆ ತಾನೆ ಬೆಳೆದೀತು?

ಆದರೂ ಅವರ ಎಚ್ಚರಿಕೆ ಸುಳ್ಳಾಗಲಿಲ್ಲ. 1969ರಲ್ಲಿ ಅಧ್ಯಕ್ಷರನ್ನು ಧೈರ್ಯವಾಗಿ ಪ್ರಶ್ನಿಸಿದ್ದ ಫಕ್ರುದ್ದೀನ್ ಅಲಿ ಅಹ್ಮದ್ 1974ರಲ್ಲಿ ರಾಷ್ಟ್ರಪತಿಯಾದರು. 1975ರ ಜೂನ್ 25ರ ರಾತ್ರಿ ಪ್ರಧಾನಿಯವರ ಕಾಗದ ಬಂದಾಗ ಅವರು ಪ್ರಶ್ನಿಸಲಿಲ್ಲ. ತುರ್ತುಪರಿಸ್ಥಿತಿಗೆ ಸಹಿ ಬಿತ್ತು. ಆತ್ಮಸಾಕ್ಷಿಯ ಹೆಸರಿನಲ್ಲಿ ಗೆದ್ದ ಬಣದಲ್ಲಿ ಆತ್ಮಸಾಕ್ಷಿಗೆ ಜಾಗ ಉಳಿದಿರಲಿಲ್ಲ. ಇಷ್ಟಾದರೂ 1977ರಲ್ಲಿ ಉತ್ತರ ಭಾರತವಿಡೀ ಇಂದಿರಾ ಅವರನ್ನು ಕಿತ್ತೆಸೆದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ಮಂಡ್ಯವೂ ಅದರಲ್ಲಿ ಸೇರಿತ್ತು. ಈ ಸಲ ಗೆದ್ದವರನ್ನು ಒಲ್ಲೆನೆಂದವರು ಶಾಸಕರಲ್ಲ, ಜನ. ಅವರ ಬಳಿಯೂ ಕಾರಣವಿತ್ತು: 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ, ಹಿಂದುಳಿದವರಿಗಾಗಿ ಹಾವನೂರು ಆಯೋಗ, ಅರಸರ ಆಡಳಿತ. ಜೈಲಿಗೆ ಹೋದವರ ಕಷ್ಟವನ್ನು ಈ ಕಾರಣಗಳ ಮುಂದಿಟ್ಟು ತೂಗಿದರೆ ತಕ್ಕಡಿ ಎತ್ತ ವಾಲಬೇಕು ಎಂಬುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ.

ವೀರೇಂದ್ರ ಪಾಟೀಲರ ದಾರಿ ಇನ್ನೂ ಸೋಜಿಗದ್ದು. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಅವರ ವಿರುದ್ಧ ನಿಂತು ಸೋತರು. ಆಮೇಲೆ ಅವರದೇ ಪಕ್ಷ ಸೇರಿ 1989ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. 1990ರಲ್ಲಿ, ಅವರು ಕಾಯಿಲೆಯಲ್ಲಿದ್ದಾಗ, ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ಅವರ ಬದಲಾವಣೆಯ ಸುದ್ದಿ ಹೇಳಿ ಹೊರಟರು. ನಿಜಲಿಂಗಪ್ಪನವರು 1969ರಲ್ಲಿ ಬೇಡವೆಂದದ್ದು ಇದೇ ಪದ್ಧತಿಯನ್ನು.

ಸಂಜೀವ ರೆಡ್ಡಿಯವರ ಮಾತು ಬಾಕಿಯಿದೆ. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಉಪರಾಷ್ಟ್ರಪತಿ, ನಮ್ಮವರೇ ಆದ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ಚುನಾವಣೆ ಘೋಷಣೆಯಾದಾಗ ಜನತಾ ಪಕ್ಷದ ಅಭ್ಯರ್ಥಿ ರೆಡ್ಡಿ. ಕಾಂಗ್ರೆಸ್ ಕೂಡ ವಿರೋಧಿಸಲಿಲ್ಲ. ಉಳಿದವರ ನಾಮಪತ್ರಗಳು ತಿರಸ್ಕೃತವಾಗಿ ರೆಡ್ಡಿ ಅವಿರೋಧವಾಗಿ ಆರಿಸಿ ಬಂದರು. ಎಂಟು ವರ್ಷಗಳ ಹಿಂದೆ ಅವರಿಗೆ ಮತ ಹಾಕಿ ಅದಕ್ಕೆ ಕಾರಣ ಹೇಳುತ್ತಾ ಬಂದಿದ್ದ ಮೈಸೂರಿನವರಾಗಲಿ, ಅವರನ್ನು ಸೋಲಿಸಿದವರಾಗಲಿ, ಯಾರೂ ಈ ಸಲ ಮತಪತ್ರ ಮುಟ್ಟಬೇಕಾಗಿ ಬರಲಿಲ್ಲ.